ಹಾರ್ಮೋನ್ ಚಿಕಿತ್ಸೆ, ಖಿನ್ನತೆಯ ಮಾತ್ರೆ: ಎರಡೂ ಒಟ್ಟಿಗೆ ಬೇಕಾದಾಗ ಯಾವುದನ್ನು ಆರಿಸುವುದು?

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಷ್ಟೋ ಹೆಂಗಸರ ಕೈಗೆ ಎರಡು ಚೀಟಿ ಬರುತ್ತವೆ. ಒಂದು ಗೈನಕಾಲಜಿಸ್ಟ್ ಬರೆದ ಹಾರ್ಮೋನ್. ಇನ್ನೊಂದು ಸೈಕಿಯಾಟ್ರಿಸ್ಟ್ ಅಥವಾ ಫ್ಯಾಮಿಲಿ ಡಾಕ್ಟರ್ ಬರೆದ ಖಿನ್ನತೆಯ ಮಾತ್ರೆ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ. ಕೊನೆಗೆ ಪ್ರಶ್ನೆ ಬರುವುದು ಮೆಡಿಕಲ್ ಶಾಪಿನ ಕೌಂಟರಿಗೆ, ಅದೂ ಪಕ್ಕದಲ್ಲಿ ನಿಂತವರಿಗೆ ಕೇಳಿಸದ ಹಾಗೆ: "ಎರಡೂ ಒಟ್ಟಿಗೆ ತಗೋಬಹುದಾ?" ಕೌಂಟರಿನ ಈ ಕಡೆ ನಿಲ್ಲುವವಳು ನಾನು.

ಚಿಕ್ಕ ಉತ್ತರ: ಹೌದು, ಹೆಚ್ಚಿನವರು ತಗೋಬಹುದು. ಈ ಚಿಕಿತ್ಸೆಯ ಮುಖ್ಯ ಹಾರ್ಮೋನಾದ ಎಸ್ಟ್ರೊಜೆನ್ನಿಗೂ ಇವತ್ತು ಜಾಸ್ತಿ ಬರೆಯುವ ಖಿನ್ನತೆಯ ಮಾತ್ರೆಗಳಿಗೂ ದೊಡ್ಡ ಜಗಳವಿಲ್ಲ. ನಿಜವಾಗಿ ಯೋಚಿಸಬೇಕಾಗಿರುವುದು ಬೇರೆ. ಹಾರ್ಮೋನ್ ಯಾವ ರೂಪದಲ್ಲಿ, ಖಿನ್ನತೆಗೆ ಯಾವ ಮಾತ್ರೆ, ಎರಡರಲ್ಲಿ ಮೊದಲು ಯಾವುದು, ಮನೆಯ ಔಷಧಿ ಡಬ್ಬಿಯಲ್ಲಿ ಇನ್ನೇನಿದೆ. ತೊಂದರೆ ಬರುವುದು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದರಿಂದ.

ಒಂದು ಸಾಕಾ, ಎರಡೂ ಬೇಕಾ?

ಇಲ್ಲಿಂದಲೇ ಶುರು ಮಾಡೋಣ. ಎಷ್ಟೋ ಜನರಿಗೆ ಎರಡೂ ಬೇಕಿರುವುದಿಲ್ಲ. ಇನ್ನು ಕೆಲವರಿಗೆ ಎರಡೂ ಬೇಕಿದ್ದು ಒಂದೇ ಸಿಕ್ಕಿರುತ್ತದೆ.

ನಲವತ್ತೈದು ದಾಟಿದ ಹೆಂಗಸಿಗೆ ಮುಟ್ಟು ಏರುಪೇರಾಗಿದೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಝಳ ಏರುತ್ತದೆ, ರಾತ್ರಿ ಬೆವರಿ ಎಚ್ಚರವಾಗುತ್ತದೆ. ನಿದ್ದೆ ಕೆಟ್ಟು ಸಿಡುಕು, ಅಳು, ಮರೆವು. ಮೊದಲು ಎಂದೂ ಖಿನ್ನತೆ ಬಂದಿಲ್ಲ. ಇಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಹಾರ್ಮೋನ್ ಮೊದಲು ಎನ್ನುವುದು ನನ್ನ ಅಭಿಪ್ರಾಯ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಖಿನ್ನತೆ ಎಂದು ಪತ್ತೆಯಾಗಿರದಿದ್ದರೆ, ಮೆನೋಪಾಸ್ ಸಮಯದ ಬೇಸರಕ್ಕೆ ಖಿನ್ನತೆಯ ಮಾತ್ರೆ ಕೆಲಸ ಮಾಡುತ್ತದೆ ಎನ್ನಲು ಸ್ಪಷ್ಟ ಆಧಾರ ಇಲ್ಲ. ನಮ್ಮಲ್ಲಿ ಆಗುವುದು ಮಾತ್ರ ಉಲ್ಟಾ. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಹೆದರಿಕೆ. ಹಾಗಾಗಿ "ಸುಮ್ನೆ ಒಂದು ನಿದ್ದೆ ಮಾತ್ರೆ" ಅಂತ ಶುರುವಾಗಿ ವರ್ಷಗಟ್ಟಲೆ ಮುಂದುವರಿಯುತ್ತದೆ.

ಆ ಹೆದರಿಕೆಗೆ ಒಂದು ತಾರೀಖು ಇದೆ. ಹಾರ್ಮೋನಿನಿಂದ ಸ್ತನ ಕ್ಯಾನ್ಸರ್ ಅಪಾಯ ಏರುತ್ತದೆ ಎಂದ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಮೊದಲ ವರದಿ 2002ರಲ್ಲಿ ಬಂತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟಿದ್ದು ಹಳೆಯ ಬಗೆಯ ಮಾತ್ರೆ. ಐವತ್ತರ ಹೊಸ್ತಿಲಲ್ಲಿ ಇರುವವರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಈಗಿನ ತಿಳುವಳಿಕೆ ಹೀಗಿದೆ: 60 ವರ್ಷದ ಒಳಗೆ, ಅಥವಾ ಮುಟ್ಟು ನಿಂತು 10 ವರ್ಷದ ಒಳಗೆ ಶುರು ಮಾಡಿದರೆ ಹೆಚ್ಚಿನ ಆರೋಗ್ಯವಂತ ಹೆಂಗಸರಿಗೆ ನಷ್ಟಕ್ಕಿಂತ ಲಾಭ ಜಾಸ್ತಿ.

ಇನ್ನೊಬ್ಬರ ಕಥೆ ಬೇರೆ. ಬೆಳಿಗ್ಗೆ ಏಳಲು ಮನಸ್ಸೇ ಬರುವುದಿಲ್ಲ. ಇಷ್ಟವಾಗಿದ್ದ ಯಾವುದೂ ಈಗ ಬೇಡ. ಊಟ ಸೇರುವುದಿಲ್ಲ, "ನಾನು ಯಾರಿಗೂ ಬೇಡ" ಎಂಬ ಯೋಚನೆ ಎರಡು ವಾರ ದಾಟಿದೆ. ಹಿಂದೆ ಬಾಣಂತನದಲ್ಲೋ ಇನ್ಯಾವಾಗಲೋ ಹೀಗೇ ಆಗಿತ್ತು. ಇದು ಖಿನ್ನತೆ. ಇದಕ್ಕೆ ಹಾರ್ಮೋನ್ ಒಂದನ್ನೇ ನಂಬಿ ಕೂರಬಾರದು. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಎಸ್ಟ್ರೊಜೆನ್ ಮನಸ್ಸಿಗೂ ನೆರವಾಗಬಹುದು ಎಂದು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಆ ಲಾಭ ಕಾಣುವುದಿಲ್ಲ. ಖಿನ್ನತೆಗೆ ಅದರದೇ ಚಿಕಿತ್ಸೆ ಬೇಕು. ಜೊತೆಗೆ ಝಳ, ಬೆವರು ಇದ್ದರೆ ಆಗ ಎರಡೂ.

ಆಪರೇಷನ್ ಮಾಡಿ ಗರ್ಭಕೋಶದ ಜೊತೆ ಎರಡೂ ಓವರಿ ತೆಗೆದಿದ್ದರೆ ಮೆನೋಪಾಸ್ ಒಂದೇ ರಾತ್ರಿಯಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಕಲಬುರಗಿ ಕಡೆ ಚಿಕ್ಕ ವಯಸ್ಸಿನ ಹೆಂಗಸರಿಗೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದ ಸುದ್ದಿ ಎಲ್ಲರೂ ಓದಿದ್ದೇವೆ. ಮೂವತ್ತೆಂಟರಲ್ಲಿ ಓವರಿ ಹೋದವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಬೇಕು. ಮೂಳೆಗೂ ಹೃದಯಕ್ಕೂ ಅದು ಬೇಕು. ಅವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟು ಕಳಿಸುವುದು ಅರ್ಧ ಕೆಲಸ. ಓವರಿ ಉಳಿಸಿ ಗರ್ಭಕೋಶ ಮಾತ್ರ ತೆಗೆದಿದ್ದರೂ ಮೆನೋಪಾಸ್ ಸ್ವಲ್ಪ ಬೇಗ ಬರಬಹುದು. ಮುಟ್ಟೇ ಇಲ್ಲದ್ದರಿಂದ ಅದು ಬಂದಿದ್ದೇ ಗೊತ್ತಾಗುವುದಿಲ್ಲ.

ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಆಯ್ಕೆ ತಿರುಗುತ್ತದೆ. ಅವರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವುದಿಲ್ಲ. ಝಳಕ್ಕೂ ಖಿನ್ನತೆಯ ಮಾತ್ರೆಯನ್ನೇ ಕಡಿಮೆ ಡೋಸಿನಲ್ಲಿ ಕೊಡುವುದುಂಟು. ಆದರೆ ಯಾವ ಮಾತ್ರೆ ಎನ್ನುವುದು ಅಲ್ಲಿ ತುಂಬ ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ಈ ಎಲ್ಲಕ್ಕೂ ಮೊದಲು ಒಂದು ರಕ್ತ ಪರೀಕ್ಷೆ ಆಗಿರಲಿ: ಥೈರಾಯ್ಡ್ ನೋಡುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತ ಕಡಿಮೆ ಇದ್ದರೂ ಸುಸ್ತು, ಬೇಸರ, ಮರೆವು ಎಲ್ಲ ಹೀಗೇ ಬರುತ್ತವೆ. ಎರಡು ಹೊಸ ಔಷಧಿ ತಂದ ಮೇಲೆ ಇದು ಗೊತ್ತಾದರೆ ಬೇಜಾರಲ್ವಾ?

ಎಸ್ಟ್ರೊಜೆನ್: ಮಾತ್ರೆಯೋ, ಜೆಲ್ಲೋ?

ಖಿನ್ನತೆಯ ಮಾತ್ರೆ ತಗೊಳ್ಳುತ್ತಿರುವವರಿಗೆ ಎಸ್ಟ್ರೊಜೆನ್ ಬೇಕಾದರೆ ನನ್ನ ಒಲವು ಜೆಲ್ ಕಡೆಗೆ. ಪ್ಯಾಚ್ ಸಿಕ್ಕರೆ ಅದೂ ಆದೀತು, ಆದರೆ ಅದು ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ ವಸ್ತುವಲ್ಲ. ಕಾರಣ ಹೇಳುತ್ತೇನೆ.

ನುಂಗಿದ ಎಸ್ಟ್ರೊಜೆನ್ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳು ಜಾಸ್ತಿ ತಯಾರಾಗುತ್ತವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಅದರಿಂದ ಸ್ವಲ್ಪ ಏರುತ್ತದೆ. ಚರ್ಮದ ಮೂಲಕ ಹೋದ ಎಸ್ಟ್ರೊಜೆನ್ ನೇರವಾಗಿ ರಕ್ತಕ್ಕೆ ಸೇರುವುದರಿಂದ, ಮಾಮೂಲಿ ಡೋಸಿನಲ್ಲಿ ಆ ಅಪಾಯ ಏರುವುದಿಲ್ಲ. ಖಿನ್ನತೆಯಲ್ಲಿ ಮೈ ಭಾರವಾಗಿ ದಿನವಿಡೀ ಕೂತೇ ಇರುವುದು, ತೂಕ ಏರುವುದು ಸಾಮಾನ್ಯ. ಕೆಲವು ಮಾತ್ರೆಗಳೂ ತೂಕ ಏರಿಸುತ್ತವೆ. ಅಂಥವರಿಗೆ ಹೆಪ್ಪಿನ ಅಪಾಯವನ್ನು ಇನ್ನಷ್ಟು ಏರಿಸುವುದು ಯಾಕೆ?

ಇನ್ನೊಂದು ಸಂದರ್ಭ ನೋಡಿ. ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ತಾಯಂದಿರು ಹೆಚ್ಚಿನವರು ಈ ವಯಸ್ಸಿನವರೇ. ಇಪ್ಪತ್ತು ಗಂಟೆ ಮೀರುವ ಪ್ರಯಾಣ, ಮಧ್ಯದ ಸೀಟು, ಬಾತ್‌ರೂಮಿಗೆ ಏಳಬಾರದೆಂದು ನೀರೂ ಕುಡಿಯುವುದಿಲ್ಲ. ಎಸ್ಟ್ರೊಜೆನ್ ಮಾತ್ರೆ ತಗೊಳ್ಳುವವರು ಟಿಕೆಟ್ ಮಾಡಿಸುವಾಗಲೇ ಡಾಕ್ಟರಿಗೆ ಈ ವಿಷಯ ಹೇಳಬೇಕು. ಅಷ್ಟು ತಿಂಗಳಿಗೆ ಬೇಕಾದ ಎರಡೂ ಔಷಧಿ, ಜೆನೆರಿಕ್ ಹೆಸರಿರುವ ಚೀಟಿ ಕೈಚೀಲದಲ್ಲಿ ಇರಲಿ. ಅಲ್ಲಿ ಹೋಗಿ ಖಿನ್ನತೆಯ ಮಾತ್ರೆ ಮುಗಿದರೆ ಹೊಸ ಚೀಟಿ ಸಿಗುವಷ್ಟರಲ್ಲಿ ಸುಸ್ತಾಗಿ ಹೋಗುತ್ತೀರಿ.

ಥೈರಾಯ್ಡ್ ಮಾತ್ರೆ ತಿನ್ನುವವರಿಗೆ ಮೂರನೆಯ ಕಾರಣ. ನುಂಗುವ ಎಸ್ಟ್ರೊಜೆನ್ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಆಗ ಮೊದಲು ಸಾಕಾಗುತ್ತಿದ್ದ ಥೈರಾಕ್ಸಿನ್ ಸಾಲದೆ ಹೋಗಬಹುದು. ಟಿಎಸ್‌ಎಚ್ ಏರುತ್ತದೆ, ಮನಸ್ಸು ಮತ್ತೆ ಮಂಕಾಗುತ್ತದೆ. ಎಲ್ಲರೂ "ಖಿನ್ನತೆಯ ಮಾತ್ರೆ ಸಾಕಾಗುತ್ತಿಲ್ಲ" ಎಂದುಕೊಂಡು ಅದರ ಡೋಸ್ ಏರಿಸುತ್ತಾರೆ. ಜೆಲ್ಲಿನಲ್ಲಿ ಈ ಗೋಜು ಇಲ್ಲ. ಮಾತ್ರೆಯೇ ಬೇಕೆಂದಿದ್ದರೆ, ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ.

ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುವ ಮೈಗ್ರೇನ್ ಇದ್ದವರಿಗೂ ಜೆಲ್ ವಾಸಿ.

ಜೆಲ್ಲಿನ ಕಷ್ಟ ಇರುವುದು ಹಚ್ಚುವುದರಲ್ಲಿ. ಪಂಪ್ ಇರುವ ಬಾಟಲಿಯಾದರೆ ಒಂದು ಪೂರ್ತಿ ಒತ್ತಿಗೆ 1.25 ಗ್ರಾಂ ಜೆಲ್ ಬರುತ್ತದೆ, ಅದರಲ್ಲಿ 0.75 ಮಿಲಿಗ್ರಾಂ ಎಸ್ಟ್ರಡಿಯಾಲ್ (ಎಸ್ಟ್ರೊಜೆನ್ನಿನ ಒಂದು ರೂಪ). ತೋಳಿನ ಹೊರಭಾಗಕ್ಕೋ ತೊಡೆಯ ಒಳಭಾಗಕ್ಕೋ ತೆಳುವಾಗಿ ಹರಡಬೇಕು. ಎದೆಗೆ ಹಚ್ಚಬಾರದು. ಉಜ್ಜಿ ಉಜ್ಜಿ ಇಳಿಸುವುದೇನೂ ಬೇಡ, ಹರಡಿ ಐದು ನಿಮಿಷ ಆರಲು ಬಿಟ್ಟರೆ ಸಾಕು. ಆಮೇಲೆ ಬಟ್ಟೆ. ಕೈ ಸೋಪು ಹಾಕಿ ತೊಳೆಯಲೇಬೇಕು. ಹಚ್ಚಿದ ಜಾಗಕ್ಕೆ ಒಂದು ಗಂಟೆ ನೀರು, ಲೋಷನ್ ಬೇಡ. ಮೊಮ್ಮಕ್ಕಳನ್ನು ತೋಳಿನ ಮೇಲೆ ಮಲಗಿಸುವ ಅಭ್ಯಾಸ ಇದ್ದರೆ ತೊಡೆಗೆ ಹಚ್ಚುವುದು ಒಳ್ಳೆಯದು. ಜೆಲ್ ಮಗುವಿನ ಚರ್ಮಕ್ಕೂ ಅಂಟುತ್ತದೆ. ಸ್ನಾನ ಮಾಡಿ ಮೈ ಚೆನ್ನಾಗಿ ಒರೆಸಿಕೊಂಡ ಮೇಲೆ ಹಚ್ಚಿಕೊಂಡರೆ ಮರೆತೂ ಹೋಗುವುದಿಲ್ಲ.

ಇಷ್ಟೆಲ್ಲ ಯಾರು ಮಾಡುತ್ತಾರೆ, ಮಾತ್ರೆಯೇ ಸರಿ ಎನ್ನುವವರೂ ಇದ್ದಾರೆ. ತೂಕ ಹದವಾಗಿದ್ದು, ಬಿಪಿ ಸರಿ ಇದ್ದು, ಮನೆತನದಲ್ಲಿ ಹೆಪ್ಪಿನ ತೊಂದರೆ ಇಲ್ಲದವರಿಗೆ ಮಾತ್ರೆಯೂ ಸರಿಯಾದ ಆಯ್ಕೆಯೇ. ಮರೆತು ಮರೆತು ಹಚ್ಚುವ ಜೆಲ್ಲಿಗಿಂತ ತಪ್ಪದೆ ನುಂಗುವ ಮಾತ್ರೆ ಮೇಲು.

ತೊಂದರೆ ಬರೀ ಕೆಳಗಿನ ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು ಅಷ್ಟೇ ಇದ್ದರೆ ಒಳಗೆ ಹಚ್ಚುವ ಎಸ್ಟ್ರೊಜೆನ್ ಕ್ರೀಮ್ ಸಾಕು. ಅದು ರಕ್ತಕ್ಕೆ ಸೇರುವುದು ತೀರ ಕಡಿಮೆ. ಯಾವ ಖಿನ್ನತೆಯ ಮಾತ್ರೆಯ ಜೊತೆಗೂ ನಿಶ್ಚಿಂತೆಯಿಂದ ಬಳಸಬಹುದು.

ಜೊತೆಗೆ ಬರುವ ಪ್ರೊಜೆಸ್ಟೆರಾನ್

ಗರ್ಭಕೋಶ ಇರುವವರಿಗೆ ಎಸ್ಟ್ರೊಜೆನ್ ಒಂದನ್ನೇ ಕೊಡುವಂತಿಲ್ಲ. ಗರ್ಭಕೋಶದ ಒಳಪದರ ದಪ್ಪಗಾಗಿ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಅದಕ್ಕೆ ಪ್ರೊಜೆಸ್ಟೆರಾನ್ ಬೇಕೇ ಬೇಕು. "ಆ ಮಾತ್ರೆ ತಗೊಂಡರೆ ಮನಸ್ಸು ಕೆಡುತ್ತದೆ" ಅಂತ ಅದನ್ನು ಬಿಟ್ಟು ಬರೀ ಜೆಲ್ ಹಚ್ಚುವವರಿದ್ದಾರೆ. ಅಪಾಯದ ಕೆಲಸ ಅದು.

ಆದರೆ ಅವರು ಹೇಳುವುದು ಸುಳ್ಳಲ್ಲ. ಮುಟ್ಟಿನ ಮುಂಚಿನ ವಾರದಲ್ಲಿ ಸಿಡುಕು, ಅಳು ಜಾಸ್ತಿ ಇದ್ದವರಿಗೆ ಕೆಲವು ಬಗೆಯ ಪ್ರೊಜೆಸ್ಟೆರಾನಿನಿಂದ ಅದೇ ಸ್ಥಿತಿ ಮರಳಬಹುದು. ಖಿನ್ನತೆ ಮತ್ತೆ ಬಂತೆಂದು ಗಾಬರಿಯಾಗುತ್ತದೆ. ಇಂಥಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ತಿಂಗಳಲ್ಲಿ 12ರಿಂದ 14 ದಿನ ಮಾತ್ರ ತಗೊಳ್ಳುವ ಕ್ರಮದಲ್ಲಿದ್ದರೆ, ಬೇಸರ ಆ ದಿನಗಳಲ್ಲೇ ಬಂದು ಆಮೇಲೆ ಹೋಗುತ್ತಿದೆಯೇ? ಹಾಗಿದ್ದರೆ ಬದಲಿಸಬೇಕಾಗಿರುವುದು ಪ್ರೊಜೆಸ್ಟೆರಾನನ್ನು. ಖಿನ್ನತೆಯ ಮಾತ್ರೆಯ ಡೋಸನ್ನು ಮುಟ್ಟುವುದು ಬೇಡ.

ಆಯ್ಕೆಗಳು ಮೂರು ಇವೆ ಎನ್ನಬಹುದು. ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ದೇಹದ್ದೇ ಹಾರ್ಮೋನಿನಂತೆ ಇರುತ್ತದೆ, ಮನಸ್ಸಿನ ಮೇಲೆ ಸಾಮಾನ್ಯವಾಗಿ ಮೃದು. ಅದು ನಿದ್ದೆ ತರಿಸುತ್ತದೆ, ಹಾಗಾಗಿ ರಾತ್ರಿ ಮಲಗುವಾಗ ನುಂಗಬೇಕು. ನಿದ್ದೆ ಕೆಟ್ಟವರಿಗೆ ಇದೇ ಒಂದು ಲಾಭ. ಡೈಡ್ರೊಜೆಸ್ಟೆರಾನ್ ಅಷ್ಟು ತೂಕಡಿಕೆ ತರುವುದಿಲ್ಲ, ಬೆಳಿಗ್ಗೆ ಬೇಗ ಎದ್ದು ಬಸ್ಸು ಹಿಡಿಯುವವರಿಗೆ ಹೊಂದುತ್ತದೆ. ಮೂರನೆಯದು ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೆರಾನ್ ಬಗೆಯ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಕೂರಿಸುವ ಕಾಯಿಲ್. ಒಮ್ಮೆ ಹಾಕಿಸಿದರೆ ಐದು ವರ್ಷ ಒಳಪದರಕ್ಕೆ ಕಾವಲು. ಹಾರ್ಮೋನ್ ಹೆಚ್ಚಾಗಿ ಗರ್ಭಕೋಶದಲ್ಲೇ ಕೆಲಸ ಮಾಡುವುದರಿಂದ, ನುಂಗುವ ಮಾತ್ರೆ ಒಗ್ಗದವರು ಇದನ್ನು ಕೇಳಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ, ನಮ್ಮ ದೇಶಕ್ಕೇ ವಿಶೇಷವಾದದ್ದು. ಇಲ್ಲಿ ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಎಷ್ಟೋ ಸಲ ಕ್ಲೋನಾಜೆಪಾಮ್ ಜೊತೆ ಸೇರಿಸಿದ ಒಂದೇ ಮಾತ್ರೆಯಾಗಿ ಬರುತ್ತದೆ. ಹೆಸರಿನ ಕೊನೆಗೆ "ಪ್ಲಸ್" ಅಂತಲೋ ಇನ್ನೇನೋ ಬಾಲ ಇರುತ್ತದೆ. ಸ್ಟ್ರಿಪ್ಪಿನ ಹಿಂದೆ, ಸಣ್ಣ ಅಕ್ಷರದಲ್ಲಿ ಎರಡು ಔಷಧಿಯ ಹೆಸರು, ಎರಡು ಮಿಲಿಗ್ರಾಂ ಲೆಕ್ಕ ಇದ್ದರೆ ಅದೇ. ಕ್ಲೋನಾಜೆಪಾಮ್ ತೂಕಡಿಕೆಯ ಔಷಧಿ. ಅದರ ಮೇಲೆ ರಾತ್ರಿ ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ಬಿದ್ದರೆ ಮಧ್ಯರಾತ್ರಿ ಬಾತ್‌ರೂಮಿಗೆ ಎದ್ದಾಗ ಜೋಲಿ ಹೊಡೆಯುತ್ತದೆ. ಮೂಳೆ ಸವೆಯುವ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಯಾರಿಗೂ ಬೇಡ. ತೂಕಡಿಕೆ ತರುವ ಖಿನ್ನತೆಯ ಮಾತ್ರೆಗಳಾದ ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಇದ್ದರೂ ಇದೇ ಮಾತು. ಇದಕ್ಕೆ ಪ್ರೊಜೆಸ್ಟೆರಾನ್ ಬದಲಿಸುವುದೋ, ಜೋಡಿ ಮಾತ್ರೆಯನ್ನು ಬಿಡಿ ಎಸ್ಸಿಟಲೋಪ್ರಾಮಿಗೆ ನಿಧಾನವಾಗಿ ತರುವುದೋ, ಡಾಕ್ಟರ್ ನೋಡಿ ಹೇಳುತ್ತಾರೆ. ಕ್ಲೋನಾಜೆಪಾಮನ್ನು ಮಾತ್ರ ನೀವೇ ತಟ್ಟಂತ ನಿಲ್ಲಿಸಬೇಡಿ.

ಖಿನ್ನತೆಯ ಮಾತ್ರೆಗಳಲ್ಲಿ ಯಾವುದು?

ಈಗಾಗಲೇ ಒಂದು ಮಾತ್ರೆಯಿಂದ ಚೆನ್ನಾಗಿದ್ದೀರಿ ಎಂದರೆ, ಹಾರ್ಮೋನ್ ಶುರು ಮಾಡುವ ನೆಪಕ್ಕೆ ಅದನ್ನು ಬದಲಿಸುವ ಅಗತ್ಯ ಬಹುಪಾಲು ಇರುವುದಿಲ್ಲ. ಕೆಳಗಿನದು ಹೊಸದಾಗಿ ಆರಿಸುವವರಿಗೆ.

ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಎರಡೂ ಹಾರ್ಮೋನ್ ಜೊತೆ ತಕರಾರಿಲ್ಲದೆ ಹೋಗುತ್ತವೆ. ಎಸ್ಸಿಟಲೋಪ್ರಾಮ್ ಝಳವನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಡೋಸ್ ಏರಿದಂತೆ ಹೃದಯದ ಬಡಿತದ ಲಯಕ್ಕೆ ತೊಂದರೆ ಕೊಡಬಹುದು, ಹೃದಯದ ಕಾಯಿಲೆ ಇದ್ದವರಿಗೆ ಇಸಿಜಿ ನೋಡಿ ಕೊಡುತ್ತಾರೆ. ಹಾಗೆ ಇದ್ದವರಿಗೆ ಸರ್ಟ್ರಲಿನ್ ಕಡೆ ವಾಲುವುದು ಜಾಸ್ತಿ. ಸರ್ಟ್ರಲಿನ್ ಮೊದಲ ವಾರ ಹೊಟ್ಟೆ ಕೆಡಿಸುತ್ತದೆ, ಊಟವಾದ ಮೇಲೆ ತಗೊಳ್ಳಿ.

ವೆನ್ಲಾಫ್ಯಾಕ್ಸಿನ್ ಮತ್ತು ಅದರ ತಂಗಿ ಡೆಸ್ವೆನ್ಲಾಫ್ಯಾಕ್ಸಿನ್ ಝಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಹಾರ್ಮೋನ್ ತಗೊಳ್ಳಲಾಗದವರಿಗೆ, ಅದರಲ್ಲೂ ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತಗೊಳ್ಳುವವರಿಗೆ ಇವು ವಾಸಿ. ವೆನ್ಲಾಫ್ಯಾಕ್ಸಿನ್ ಡೋಸ್ ಏರಿದರೆ ಬಿಪಿ ಏರುತ್ತದೆ. ಎಸ್ಟ್ರೊಜೆನ್ ಮಾತ್ರೆಯಿಂದಲೂ ಕೆಲವರ ಬಿಪಿ ಸ್ವಲ್ಪ ಏರಬಹುದು. ಎರಡೂ ಇದ್ದರೆ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಇನ್ನೊಂದು ತಮಾಷೆ ಗೊತ್ತಾ? ವೆನ್ಲಾಫ್ಯಾಕ್ಸಿನ್, ಸರ್ಟ್ರಲಿನ್ ಎರಡೂ ಕೆಲವರಿಗೆ ತಾವೇ ರಾತ್ರಿ ಬೆವರು ತರಿಸುತ್ತವೆ. "ಹಾರ್ಮೋನ್ ಹಚ್ಚಿದರೂ ಬೆವರು ನಿಂತಿಲ್ಲ" ಅಂತ ಜೆಲ್ ಡೋಸ್ ಏರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಬೆವರು ಮಾತ್ರೆ ಶುರುವಾದ ಮೇಲೆ ಬಂದದ್ದಾ, ಮೊದಲೇ ಇದ್ದದ್ದಾ? ಝಳ ಹೋಗಿ ಬರೀ ಬೆವರು ಉಳಿದಿದ್ದರೆ ಮಾತ್ರೆಯ ಮೇಲೆ ಅನುಮಾನ ಪಡಿ.

ಪ್ಯಾರೊಕ್ಸೆಟಿನ್ ಝಳಕ್ಕೆಂದೇ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆಯಿತು, 7.5 ಮಿಲಿಗ್ರಾಂ ಎಂಬ ಸಣ್ಣ ಡೋಸಿನಲ್ಲಿ. ಹಾರ್ಮೋನ್ ಜೊತೆ ಅದಕ್ಕೂ ಜಗಳವಿಲ್ಲ. ಆದರೂ ನಾನು ಅದನ್ನು ಮೊದಲ ಸಾಲಿನಲ್ಲಿ ಇಡುವುದಿಲ್ಲ. ತೂಕ ಏರಿಸುತ್ತದೆ, ಬಿಡುವಾಗ ಕಾಡುತ್ತದೆ. ಟಮಾಕ್ಸಿಫೆನ್ ತಗೊಳ್ಳುವವರಿಗಂತೂ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಎರಡೂ ಬೇಡ. ಟಮಾಕ್ಸಿಫೆನ್ ಲಿವರಿನಲ್ಲಿ ಬದಲಾದ ಮೇಲೆಯೇ ಪೂರ್ತಿ ಕೆಲಸ ಮಾಡುವುದು, ಆ ಬದಲಾವಣೆ ಮಾಡುವ ಕಿಣ್ವವನ್ನು ಇವೆರಡೂ ಕಟ್ಟಿಹಾಕುತ್ತವೆ.

ಡುಲೊಕ್ಸೆಟಿನ್ ಶುಗರ್ ಇದ್ದು ಕಾಲು ಉರಿಯುವವರಿಗೆ, ಬೆನ್ನು ಮಂಡಿ ನೋವಿನವರಿಗೆ ಎರಡು ಕೆಲಸ ಮಾಡುತ್ತದೆ. ಮಿರ್ಟಾಜಪಿನ್ ನಿದ್ದೆ, ಹಸಿವು ಎರಡೂ ಹೋದವರಿಗೆ. ತೂಕ ಮೊದಲೇ ಜಾಸ್ತಿ ಇದ್ದರೆ ಯೋಚಿಸಿ.

ಸೆಕ್ಸಿನ ವಿಷಯ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಪ್ಯಾರೊಕ್ಸೆಟಿನ್ ಬಗೆಯವು ಆಸೆಯನ್ನೂ ಸುಖವನ್ನೂ ಮಂಕಾಗಿಸುತ್ತವೆ. ಮೆನೋಪಾಸ್ ಒಣಗಿಸುತ್ತದೆ. ಎಸ್ಟ್ರೊಜೆನ್ ಕ್ರೀಮಿನಿಂದ ಒಣಗುವಿಕೆ ಹೋಗುತ್ತದೆ, ಮಾತ್ರೆಯಿಂದ ಬಂದ ಮಂಕು ಹೋಗುವುದಿಲ್ಲ. ಇದೇ ದೊಡ್ಡ ತೊಂದರೆಯಾಗಿದ್ದರೆ ಬುಪ್ರೊಪಿಯಾನ್ ಒಂದು ದಾರಿ, ಅದಕ್ಕೆ ಈ ದೋಷ ಕಡಿಮೆ. ಆದರೆ ಎಸ್ಟ್ರೊಜೆನ್ ಇದ್ದರೆ ಬುಪ್ರೊಪಿಯಾನ್ ದೇಹದಲ್ಲಿ ಬದಲಾಗುವ ರೀತಿ ಸ್ವಲ್ಪ ಬೇರೆಯಾಗುತ್ತದೆ. ಅದರ ಡೋಸ್ ಜಾಸ್ತಿಯಾದರೆ ಫಿಟ್ಸ್ ಬರುವ ಅಪಾಯವೂ ಇದೆ. ಫಿಟ್ಸ್ ಇದ್ದವರಿಗೆ ಅದು ಬೇಡವೇ ಬೇಡ. ಕೊಡುವ ಡಾಕ್ಟರಿಗೆ ಹಾರ್ಮೋನ್ ವಿಷಯ ಗೊತ್ತಿರಬೇಕು.

ಮೈಗ್ರೇನಿಗೆ ಅಂತ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ತಗೊಳ್ಳುವವರು ಎಷ್ಟೋ ಜನ. ಅದೂ ಖಿನ್ನತೆಯ ಗುಂಪಿನ ಮಾತ್ರೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ. "ಖಿನ್ನತೆಗೆ ಏನಾದರೂ ತಗೊಳ್ತಿದ್ದೀರಾ?" ಎಂದರೆ ಇಲ್ಲ ಎನ್ನುತ್ತಾರೆ. ಇಷ್ಟು ಸಣ್ಣ ಡೋಸಿಗೆ ಹಾರ್ಮೋನ್ ಜೊತೆ ಹೆದರುವುದೇನಿಲ್ಲ. ಆದರೆ ಅದರ ಮೇಲೆ ಇನ್ನೊಂದು ಖಿನ್ನತೆಯ ಮಾತ್ರೆ ಸೇರಿಸುವಾಗ ಹೇಳಲೇಬೇಕು.

ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಕಾಯಿಲೆ) ಇದ್ದವರ ಲೆಕ್ಕ ಪೂರ್ತಿ ಬೇರೆ. ಅವರು ತಗೊಳ್ಳುವ ಲ್ಯಾಮೊಟ್ರಿಜಿನ್ ರಕ್ತದಲ್ಲಿ ಇರುವ ಪ್ರಮಾಣವನ್ನು ಎಸ್ಟ್ರೊಜೆನ್ ತಗ್ಗಿಸಬಹುದು. ಕಾರ್ಬಮಜೆಪಿನ್ ತದ್ವಿರುದ್ಧವಾಗಿ ನುಂಗಿದ ಎಸ್ಟ್ರೊಜೆನ್ನನ್ನೇ ಬೇಗ ಖಾಲಿ ಮಾಡುತ್ತದೆ. ಇಲ್ಲಿ ಸೈಕಿಯಾಟ್ರಿಸ್ಟ್ ಒಪ್ಪದೆ ಹಾರ್ಮೋನ್ ಶುರು ಮಾಡಬಾರದು.

ಮೊದಲು ಯಾವುದು?

ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ತಲೆನೋವು, ವಾಕರಿಕೆ, ಎದೆ ಡವಡವ ಬಂದರೆ ಯಾವುದರಿಂದ ಎಂದು ಯಾರಿಗೂ ಹೇಳಲಾಗುವುದಿಲ್ಲ. ಕೊನೆಗೆ ಎರಡನ್ನೂ ಬಿಡುತ್ತೀರಿ.

ಖಿನ್ನತೆ ಜೋರಾಗಿದ್ದರೆ ಮೊದಲು ಅದರ ಮಾತ್ರೆ. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ ಇರಬಹುದು. ಎರಡರಿಂದ ನಾಲ್ಕು ವಾರಕ್ಕೆ ಸ್ವಲ್ಪ ಹಗುರ, ಆರು ವಾರಕ್ಕೆ ಕೆಲಸ ಮಾಡಿತೋ ಇಲ್ಲವೋ ಹೇಳಬಹುದು. ಆಮೇಲೆ ಹಾರ್ಮೋನ್. ಝಳ, ನಿದ್ದೆಗೇಡು ಮುಖ್ಯ ತೊಂದರೆಯಾಗಿ ಮನಸ್ಸು ಅದರ ಹಿಂದೆ ಕುಗ್ಗಿದ್ದರೆ ಮೊದಲು ಹಾರ್ಮೋನ್. ಒಂದು ತಿಂಗಳಲ್ಲಿ ವ್ಯತ್ಯಾಸ ಕಾಣಲು ಶುರು, ಪೂರ್ತಿ ಬೆಲೆ ಕಟ್ಟಲು ಮೂರು ತಿಂಗಳು ಕೊಡಿ. ಅಷ್ಟರಲ್ಲಿ ಮನಸ್ಸೂ ಸರಿಹೋದರೆ ಎರಡನೆಯ ಚೀಟಿಯೇ ಬೇಕಾಗುವುದಿಲ್ಲ.

ಇಬ್ಬರು ಡಾಕ್ಟರ್ ಇದ್ದರೆ ಬಾಯಿಮಾತಿನಲ್ಲಿ ಹೆಸರು ಹೇಳಬೇಡಿ. "ಬಿಳಿ ಸಣ್ಣ ಮಾತ್ರೆ" ಎಂದರೆ ಸಾವಿರ ಇವೆ. ಎಲ್ಲ ಸ್ಟ್ರಿಪ್ಪುಗಳ ಹಿಂಭಾಗವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುವುದುಂಟು. ಪೂರ್ತಿ ಸ್ಟ್ರಿಪ್ ಕೇಳಿ ತಗೊಳ್ಳಿ.

ಡಬ್ಬಿಯಲ್ಲಿರುವ ಬೇರೆಯವು

ಹಾರ್ಮೋನ್ ಮತ್ತು ಖಿನ್ನತೆಯ ಮಾತ್ರೆ ಪರಸ್ಪರ ಜಗಳವಾಡುವುದಕ್ಕಿಂತ, ಚೀಟಿಯಲ್ಲಿ ಇಲ್ಲದ ಮೂರನೆಯದರ ಜೊತೆ ಆಡುವುದೇ ಜಾಸ್ತಿ.

ಮಂಡಿ ನೋವಿಗೆ ನೀವೇ ತಗೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್: ಎಸ್ಸಿಟಲೋಪ್ರಾಮ್ ಬಗೆಯ ಮಾತ್ರೆಗಳ ಜೊತೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಏರುತ್ತದೆ. ಒಂದು ದಿನದ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಟ್ರಮಡಾಲ್ ಇರುವ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಒಣಕೆಮ್ಮಿನ ಸಿರಪ್ ಎರಡೂ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಏರಿಸುತ್ತವೆ. ಖಿನ್ನತೆಯ ಮಾತ್ರೆಯೂ ಅದನ್ನೇ ಏರಿಸುವುದು. ಮೈ ನಡುಕ, ಜ್ವರ, ಭೇದಿ, ಗಾಬರಿ, ವಿಪರೀತ ಬೆವರು ಒಟ್ಟಿಗೆ ಬಂದರೆ ಆಸ್ಪತ್ರೆಗೆ ಹೋಗಬೇಕು. "ಇದೂ ಮೆನೋಪಾಸ್ ಬೆವರು" ಎಂದು ಮಲಗಬೇಡಿ.

ಬಿಪಿ ಮಾತ್ರೆಯ ಹೆಸರಿನ ಕೊನೆಗೆ "ಎಚ್" ಇದ್ದರೆ ಅದರಲ್ಲಿ ಸಾಮಾನ್ಯವಾಗಿ ನೀರು ಇಳಿಸುವ ಔಷಧಿ ಸೇರಿರುತ್ತದೆ. ಅದೂ ಖಿನ್ನತೆಯ ಮಾತ್ರೆಯೂ ಸೇರಿ ರಕ್ತದ ಸೋಡಿಯಂ ಇಳಿಸಬಹುದು, ವಯಸ್ಸಾದಂತೆ ಜಾಸ್ತಿ. ಹೊಸ ಮಾತ್ರೆಯ ಮೊದಲ ವಾರಗಳಲ್ಲಿ ತಲೆಸುತ್ತು, ವಾಕರಿಕೆ, ಮಾತು ತಡವರಿಸುವುದು ಕಂಡರೆ ಸೋಡಿಯಂ ಪರೀಕ್ಷೆ ಮಾಡಿಸಿ.

ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ವಿದೇಶದಲ್ಲಿರುವ ನಮ್ಮವರಿಗೆ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಈಗ ಆನ್‌ಲೈನಿನಲ್ಲಿ ಇಲ್ಲಿಗೂ ಬರುತ್ತದೆ. ಗಿಡಮೂಲಿಕೆ ಅಲ್ವಾ ಎಂದು ನಂಬಬೇಡಿ. ಅದು ಎಸ್ಟ್ರೊಜೆನ್ನನ್ನು ಬೇಗ ಖಾಲಿ ಮಾಡುತ್ತದೆ, ಖಿನ್ನತೆಯ ಮಾತ್ರೆಯ ಜೊತೆ ಸೆರೊಟೋನಿನ್ ಏರಿಸುತ್ತದೆ. ಎರಡೂ ಕಡೆ ಕೆಡಿಸುವ ಔಷಧಿ ಇದೊಂದೇ ಎನಿಸುವಷ್ಟು. ಅಶ್ವಗಂಧ ತೂಕಡಿಕೆ ಹೆಚ್ಚಿಸಬಹುದು, ಥೈರಾಯ್ಡ್ ಮೇಲೂ ಪರಿಣಾಮ ಇದೆ. ತಗೊಳ್ಳುತ್ತಿದ್ದರೆ ಡಾಕ್ಟರ್ ಬೈಯುತ್ತಾರೆ ಎಂದು ಮುಚ್ಚಿಡಬೇಡಿ.

ತಡ ಮಾಡಬಾರದ ಹೊತ್ತು

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಮುಖ ಸೊಟ್ಟಗಾಗುವುದು, ಕಪ್ಪು ಮಲ: ನೇರ ಆಸ್ಪತ್ರೆಗೆ. ಹಾರ್ಮೋನ್ ಶುರು ಮಾಡಿದ ಮೊದಲ ಮೂರರಿಂದ ಆರು ತಿಂಗಳು ಸ್ವಲ್ಪ ರಕ್ತ ಕಾಣುವುದುಂಟು. ಅದು ಜಾಸ್ತಿಯಿದ್ದರೆ, ಅಥವಾ ನಿಂತು ಮತ್ತೆ ಬಂದರೆ ಸ್ಕ್ಯಾನ್ ಮಾಡಿಸಬೇಕು. ಮಾತ್ರೆಯ ಮೇಲೆ ಹಾಕಿ ಸುಮ್ಮನಾಗಬಾರದು.

ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ಬಿಡುವಾಗ

ಎರಡನ್ನೂ ಒಂದೇ ತಿಂಗಳಲ್ಲಿ ಬಿಡಬೇಡಿ. ಖಿನ್ನತೆಯ ಮಾತ್ರೆ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಯಬೇಕು, ಹಿಂದೆಯೂ ಬಂದಿದ್ದರೆ ಇನ್ನೂ ಹೆಚ್ಚು. ಬಿಡುವುದು ಡೋಸ್ ಇಳಿಸುತ್ತ ಇಳಿಸುತ್ತ. ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ತಟ್ಟಂತ ನಿಲ್ಲಿಸಿದರೆ ತಲೆಯಲ್ಲಿ ಕರೆಂಟ್ ಹೊಡೆದ ಹಾಗಾಗುತ್ತದೆ, ತಲೆಸುತ್ತು, ಅಳು, ಬೆವರು ಬರುತ್ತವೆ. ಫ್ಲುಯೊಕ್ಸೆಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅಷ್ಟು ಕಾಡುವುದಿಲ್ಲ.

ಯಾವುದು ಮೊದಲು ಎಂದರೆ, ಖಿನ್ನತೆಯ ಮಾತ್ರೆಯನ್ನು ಮೊದಲು ಇಳಿಸಿ, ಹಾರ್ಮೋನ್ ಸ್ಥಿರವಾಗಿರಲಿ ಎನ್ನುವುದು ನನ್ನ ಒಲವು. ಹಾರ್ಮೋನ್ ಮೊದಲು ಬಿಟ್ಟರೆ ಝಳ, ನಿದ್ದೆಗೇಡು ಮರಳಬಹುದು. ಆಗ ಬಂದ ಬೇಸರ ಖಿನ್ನತೆಯೋ ಅಲ್ಲವೋ ಹೇಳುವುದು ಕಷ್ಟ. ಹಾರ್ಮೋನ್ ಬೇಗ ನಿಲ್ಲಿಸಬೇಕಾದ ಕಾರಣ ಬಂದರೆ, ಹೆಪ್ಪು, ಸ್ತನದಲ್ಲಿ ಗಂಟು ಹೀಗೆ, ಖಿನ್ನತೆಯ ಮಾತ್ರೆಯನ್ನು ಆ ಹೊತ್ತಿನಲ್ಲಿ ಮುಟ್ಟಬೇಡಿ. ಸೈಕಿಯಾಟ್ರಿಸ್ಟಿಗೆ ಅದೇ ವಾರ ತಿಳಿಸಿ, ಬೇಕಿದ್ದರೆ ಡೋಸನ್ನು ಅವರೇ ನೋಡುತ್ತಾರೆ.